ಮಳೆಯಲ್ಲಿ ಕಾದು ಕೂರುವವರಿಗೆ ಯಾವ ರೈನ್‌ಕೋಟ್?

ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ನಾಲ್ಕು ಹನಿ ಬಿದ್ದರೆ ಸಾಕು, ಕೇಳುವವರು ಶುರು. "ಮಳೆಯಲ್ಲಿ ಹಕ್ಕಿ ನೋಡ್ಲಿಕ್ಕೆ ಹೋಗ್ತೇನೆ, ಯಾವ ಕೋಟು ತಗೊಳ್ಳಲಿ?" "ರಾತ್ರಿ ಕಪ್ಪೆ ಹುಡುಕ್ಲಿಕ್ಕೆ ಬೈಕಿನ ರೈನ್‌ಕೋಟೇ ಸಾಕಾ?" "ಗಾಳ ಹಾಕಿ ಮೂರು ಗಂಟೆ ಕೂತರೆ ಒಳಗೆಲ್ಲ ಒದ್ದೆ, ಕೋಟು ಸೋರ್ತಾ ಉಂಟಾ ಅಂತಲೇ ಗೊತ್ತಾಗುವುದಿಲ್ಲ." ಒಬ್ಬೊಬ್ಬರಿಗೇ ಹೇಳಿ ಹೇಳಿ ಸಾಕಾಯಿತು. ಈ ಸಲ ಎಲ್ಲ ಒಟ್ಟಿಗೆ ಬರೆದಿದ್ದೇನೆ.

ಶಿಕಾರಿಗೆ ಯಾವುದು ಒಳ್ಳೆಯದು ಅಂತ ಮೆಲ್ಲ ಕೇಳಿದವರೂ ಇದ್ದಾರೆ. ಅವರಿಗೆ ಮೊದಲೇ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಶಿಕಾರಿ ಅಪರಾಧ. ತೋಟಕ್ಕೆ ಬರುವ ಕಾಡುಹಂದಿಯನ್ನೂ ನಾವಾಗಿಯೇ ಹೊಡೆಯುವ ಹಾಗಿಲ್ಲ. ಗುಂಡು ಹಾರಿಸಿದರೆ ಮಾತ್ರ ಬೇಟೆ ಅಂದುಕೊಳ್ಳಬೇಡಿ, ಉರುಳು ಹಾಕುವುದೂ ಹಿಡಿಯುವುದೂ ಕಾನೂನಿನ ಲೆಕ್ಕದಲ್ಲಿ ಬೇಟೆಯೇ. ಹಾಗಾಗಿ ಆ ವಿಷಯ ಇಲ್ಲಿಗೆ ಮುಗಿಯಿತು.

ಆದರೆ ಹೊರದೇಶಗಳಲ್ಲಿ ಶಿಕಾರಿಯವರಿಗೆ ಅಂತಲೇ ಹೊಲಿಯುವ ಮಳೆ ಉಡುಪಿನಿಂದ ನಾವು ಕಲಿಯುವುದು ಉಂಟು. ಅವರಿಗೂ ಗಂಟೆಗಟ್ಟಲೆ ಅಲುಗಾಡದೆ ಕೂರಬೇಕು, ಬಟ್ಟೆ ಸದ್ದು ಮಾಡಬಾರದು, ಬಣ್ಣ ಕಣ್ಣಿಗೆ ಹೊಡೆಯಬಾರದು. ಕ್ಯಾಮೆರಾ ಹಿಡಿದು ಕೂತವರಿಗೂ, ದುರ್ಬೀನು ಹಿಡಿದವರಿಗೂ ಬೇಕಾದ್ದು ಇದೇ ಅಲ್ವಾ? ಅಂಗಡಿಯಲ್ಲಿ ಸಿಗುವ ಮಾಮೂಲಿ ರೈನ್‌ಕೋಟು ಹೆಚ್ಚಾಗಿ ಬೈಕಿನಲ್ಲಿ ಹೋಗುವವರ ಲೆಕ್ಕದಲ್ಲಿ ಮಾಡಿದ್ದು. ಬೈಕಿನಲ್ಲಿ ಗಾಳಿ ಬಡಿಯುತ್ತದೆ, ಅರ್ಧ ಗಂಟೆಯಲ್ಲಿ ಮನೆ ಸೇರುತ್ತೀರಿ. ಅದೇ ಕೋಟು ಹಾಕಿಕೊಂಡು ಮರದಡಿ ಮೂರು ಗಂಟೆ ಕೂತು ನೋಡಿ. ಒಳಗೆ ಇಡ್ಲಿ ಬೆಂದ ಹಾಗೆ ಬೇಯುತ್ತೀರಿ.

ಬೇಕಾದ ಸಾಮಾನು ತುಂಬ ಏನಿಲ್ಲ. ಮೇಲಿನ ಕೋಟು, ಮಳೆ ಪ್ಯಾಂಟು, ಅಂಚು ಇರುವ ಟೊಪ್ಪಿ, ಬೂಟು, ಕೂರಲಿಕ್ಕೆ ಒಂದು ಚಾಪೆ ತುಂಡು ಅಥವಾ ಸಣ್ಣ ಸ್ಟೂಲು, ಚೀಲಕ್ಕೆ ಹೊದಿಕೆ, ಬದಲಿ ಅಂಗಿ. ಒಂದು ದೊಡ್ಡ ಕೊಡೆ. ಎಲ್ಲ ಒಂದೇ ದಿನ ಕೊಳ್ಳಬೇಕು ಅಂತ ಇಲ್ಲ.

1. ಮೊದಲು ಜಾಗ ನಿರ್ಧರಿಸಿ

ಕೋಟು ನೋಡುವ ಮೊದಲು ನೀವು ಕೂರುವುದು ಎಲ್ಲಿ ಅಂತ ಯೋಚಿಸಿ. ನಮ್ಮ ಕರಾವಳಿ, ಘಟ್ಟದ ಜಿಲ್ಲೆಗಳಲ್ಲಿ ಮೂರು ಥರದ ಮಳೆ ಉಂಟು ಅಂತ ನನ್ನ ಲೆಕ್ಕ.

ಮೊದಲನೆಯದು ತೋಟ, ಗದ್ದೆ ಬದಿ, ಊರ ಹತ್ತಿರದ ಗುಡ್ಡ. ಇಲ್ಲಿ ಮಳೆ ಜೋರು, ಗಾಳಿ ಅಷ್ಟಿಲ್ಲ, ಸೆಕೆ ಮಾತ್ರ ಹೋಗುವುದಿಲ್ಲ. ಇಂಥ ಕಡೆ ಒಂದೇ ಕಡೆ ಕೂರುವವರಿಗೆ ರೈನ್‌ಕೋಟಿಗಿಂತ ಉದ್ದ ಕೋಲಿನ ಹಳೇ ಕಾಲದ ಕಪ್ಪು ಕೊಡೆಯೇ ಮೇಲು. ನಗಬೇಡಿ, ನಿಜ. ಕೊಡೆಯಡಿ ಗಾಳಿಯಾಡುತ್ತದೆ, ಬೆವರುವುದಿಲ್ಲ, ಕ್ಯಾಮೆರಾಕ್ಕೂ ನೆರಳು. ಎರಡು ಮರಕ್ಕೆ ಸಣ್ಣ ಟಾರ್ಪಾಲು ಕಟ್ಟಿದರಂತೂ ಅರಮನೆ. ಒಂದು ಬದಿ ಸ್ವಲ್ಪ ತಗ್ಗಿಸಿ ಕಟ್ಟಿ, ಇಲ್ಲದಿದ್ದರೆ ನಡುವೆ ನೀರು ತುಂಬಿ ಒಮ್ಮೆಲೇ ತಲೆ ಮೇಲೆ ಬೀಳುತ್ತದೆ.

ಎರಡನೆಯದು ಹೊಳೆ ಕಡಲಿಗೆ ಸೇರುವ ಅಳಿವೆ ಮತ್ತು ಹೊಳೆ ಬದಿ. ಕೋಡಿ ಬೆಂಗ್ರೆ ಇರಲಿ, ಉಳ್ಳಾಲದ ಕಡೆ ಇರಲಿ, ಗಾಳಿ ಅಡ್ಡಡ್ಡ ಬರುತ್ತದೆ, ಮಳೆಯೂ ಅಡ್ಡಡ್ಡ. ಕೊಡೆ ಮಗುಚಿ ಹೋಗುತ್ತದೆ. ಇಲ್ಲಿ ಗಾಳ ಹಾಕುವವರಿಗೆ ದಪ್ಪ ಕೋಟು ಬೇಕು, ಅದೂ ಹಳದಿಯೋ ಕಿತ್ತಳೆಯೋ. ಮೀನಿಗೆ ಕಾಣುತ್ತದೆ ಅಂತ ಹೆದರಬೇಡಿ, ಆ ಕೆಂಪು ಕಲಕು ನೀರಿನಲ್ಲಿ ಅದಕ್ಕೆ ನಿಮ್ಮ ಕೋಟಿನ ಬಣ್ಣ ನೋಡಿ ಆಗಬೇಕಾದ್ದೇನೂ ಇಲ್ಲ. ನೀವು ಜಾರಿದರೆ ದಡದಲ್ಲಿ ಇದ್ದವರಿಗೆ ಕಾಣಬೇಕು, ಅದು ಮುಖ್ಯ. ಇನ್ನು ಜೂನ್, ಜುಲೈಯಲ್ಲಿ ಸಮುದ್ರದ ಬಂಡೆ ಮೇಲೆ ಹೋಗಿ ಕೂರುವವರಿಗೆ ನಾನು ಯಾವ ಕೋಟೂ ಹೇಳುವುದಿಲ್ಲ. ಹೋಗಲೇಬೇಡಿ. ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಕಡಲಿಗೆ ಇಳಿಯುವ ಹಾಗಿಲ್ಲ. ಅದು ಮೀನಿನ ಸಂತಾನಕ್ಕಾಗಿ ಮಾಡಿದ ನಿಯಮ ಹೌದು, ಆದರೆ ಆಗಿನ ಕಡಲೂ ಹಾಗೇ ಇರುತ್ತದೆ.

ಮೂರನೆಯದು ಘಟ್ಟ. ಕರಾವಳಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆಯಾದರೆ ಆಗುಂಬೆಯಲ್ಲಿ 7,000ದ ಲೆಕ್ಕ. ಆಗುಂಬೆ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ. ಕುದುರೆಮುಖದ ತುದಿ 1,890 ಮೀಟರಿಗೂ ಸ್ವಲ್ಪ ಮೇಲೆ. ಅಲ್ಲಿ ಒದ್ದೆ ಮೈಗೆ ಗಾಳಿ ಹೊಡೆದರೆ ಹಲ್ಲು ಕಟಕಟ ಅನ್ನುತ್ತದೆ. ಕೆಳಗೆ ಸೆಕೆ, ಮೇಲೆ ಚಳಿ, ನಡುವೆ ಹತ್ತುವ ಬೆವರು. ದುಡ್ಡು ಹಾಕಿ ಒಳ್ಳೆಯ ಕೋಟು ಕೊಳ್ಳುವುದಿದ್ದರೆ ಇಲ್ಲಿಗೆ ಮಾತ್ರ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ ಮತ್ತು ಮೂಕಾಂಬಿಕಾ ಅಭಯಾರಣ್ಯದ ಒಳಗೆ ಹೋಗುವುದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು ಅನ್ನುವುದು ನೆನಪಿರಲಿ. ಮಳೆಗಾಲದಲ್ಲಿ ಜಲಪಾತಗಳಿಗೆ ನಿರ್ಬಂಧವೂ ಬರುತ್ತಿರುತ್ತದೆ.

2. ಸೋರ್ತಾ ಉಂಟಾ, ಬೆವರ್ತಾ ಉಂಟಾ?

ಮೊದಲಿಗೆ ತಿಳಿಯಬೇಕಾದ್ದು ಇದು. ಹತ್ತರಲ್ಲಿ ಏಳೆಂಟು ಜನ "ಕೋಟು ಸೋರ್ತದೆ" ಅಂತ ನನಗೆ ತೋರಿಸಿದಾಗ ಅದು ಸೋರುತ್ತಿರಲಿಲ್ಲ. ಬೆವರು.

ಪತ್ತೆ ಮಾಡುವುದು ಸುಲಭ. ಮನೆಗೆ ಬಂದು ಒಳಗಿನ ಅಂಗಿ ನೋಡಿ. ಕುತ್ತಿಗೆ, ಮಣಿಕಟ್ಟು, ಭುಜದ ಹೊಲಿಗೆ, ಜಿಪ್ಪಿನ ಉದ್ದಕ್ಕೆ, ಪ್ಯಾಂಟಿನಲ್ಲಿ ಎರಡು ಕಾಲು ಸೇರುವ ಕಡೆ, ಹೀಗೆ ಪಟ್ಟೆ ಪಟ್ಟೆಯಾಗಿ ಒದ್ದೆ ಇದ್ದರೆ ಅದು ಸೋರಿದ್ದು. ಬೆನ್ನು, ಎದೆ, ಕಂಕುಳು ಎಲ್ಲ ಒಂದೇ ಸಮ ತೇವ, ಕೋಟಿನ ಒಳಮೈ ಮೇಲೆ ಸಣ್ಣ ಸಣ್ಣ ಹನಿ ಕೂತಿದ್ದರೆ ಅದು ನಿಮ್ಮದೇ ನೀರು. ಸೋರಿದ್ದಾದರೆ ಹೊಲಿಗೆ ಸರಿಮಾಡಬಹುದು ಅಥವಾ ಕೋಟು ಬದಲಿಸಬಹುದು. ಬೆವರಿದ್ದಾದರೆ ಇನ್ನೂ ದಪ್ಪ ಕೋಟು ತಂದರೆ ಇನ್ನೂ ಜಾಸ್ತಿ ಒದ್ದೆಯಾಗುತ್ತೀರಿ. ಜನ ಮಾಡುವುದು ಇದೇ ತಪ್ಪು.

"ಹಾಗಾದರೆ ಉಸಿರಾಡುವ ಬಟ್ಟೆಯದ್ದು ತಗೊಳ್ತೇನೆ" ಅಂತೀರಿ. ತಾಳಿ. ಉಸಿರಾಡುವ ಬಟ್ಟೆ ಅಂದರೆ ಮಳೆಹನಿಯನ್ನು ಹೊರಗೇ ನಿಲ್ಲಿಸಿ ಮೈಯ ಬೆವರಿನ ಆವಿಯನ್ನು ಮಾತ್ರ ಹೊರಗೆ ಬಿಡುವ ತೆಳು ಪೊರೆ ಇರುವ ಬಟ್ಟೆ. ಇವುಗಳಲ್ಲಿ ಹೆಸರು ಮಾಡಿದ್ದು 1970ರ ದಶಕದಲ್ಲಿ ಬಂದ ಗೋರ್-ಟೆಕ್ಸ್. ಪೊರೆಯಲ್ಲಿ ರಂಧ್ರಗಳಿವೆ, ನೀರಿನ ಹನಿಗಿಂತ ಎಷ್ಟೋ ಪಾಲು ಸಣ್ಣವು, ಆದರೆ ಆವಿ ದಾಟುವಷ್ಟು ದೊಡ್ಡವು. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಆವಿ ಸುಮ್ನೆ ಹೊರಗೆ ಹೋಗುವುದಿಲ್ಲ. ಒಳಗೆ ಜಾಸ್ತಿ ಆವಿ, ಹೊರಗೆ ಕಡಿಮೆ ಆವಿ ಇದ್ದರೆ ಮಾತ್ರ ಹೋಗುತ್ತದೆ. ಹೊರಗೆ ಐದು ಡಿಗ್ರಿ ಚಳಿ ಇರುವ ದೇಶದಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ನಮ್ಮ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನಲ್ಲಿ, ಹೊರಗೆ 25-26 ಡಿಗ್ರಿ, ಗಾಳಿಯ ತೇವಾಂಶ ನೂರಕ್ಕೆ 90ರ ಮೇಲೆ. ಹೊರಗಿನ ಗಾಳಿಯೇ ಒದ್ದೆ ಬಟ್ಟೆಯ ಹಾಗೆ ಇರುವಾಗ ಒಳಗಿನ ಆವಿ ಹೋಗುವುದು ಎಲ್ಲಿಗೆ? ಸಾವಿರಾರು ರೂಪಾಯಿ ಕೊಟ್ಟು ತಂದ ಪೊರೆ ಮಂಗಳೂರಿನಲ್ಲಿ ಅರ್ಧ ರಜೆಯಲ್ಲಿ ಇರುತ್ತದೆ.

ಇಲ್ಲಿ ನಮ್ಮ ಹಿರಿಯರ ಕೊರಂಬು ನೆನಪಾಗುತ್ತದೆ. ಕುಂದಾಪುರದ ಕಡೆ ಗೊರಬು ಅಂತಾರೆ. ಬಿದಿರಿನ ಹೆಣಿಗೆಗೆ ಎಲೆ ಹಾಸಿ ಮಾಡಿದ್ದು, ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ತಲೆಯಿಂದ ಸೊಂಟದ ವರೆಗೆ ಬೆನ್ನು ಮುಚ್ಚುತ್ತಿತ್ತು, ಮುಂದೆ ಪೂರ್ತಿ ಬಾಯ್ದೆರೆದಿರುತ್ತಿತ್ತು. ಇಡೀ ದಿನ ಬಗ್ಗಿ ಕೆಲಸ ಮಾಡಿದರೂ ಒಳಗೆ ಬೇಯುತ್ತಿರಲಿಲ್ಲ. ಈಗ ಕೋಟು ಕೊಳ್ಳುವಾಗಲೂ ಅದನ್ನೇ ಹುಡುಕಿ: ಮೇಲೆ ಮುಚ್ಚಿರಬೇಕು, ಕೆಳಗೆ ಅಥವಾ ಬದಿಯಲ್ಲಿ ತೆರೆಯಲಿಕ್ಕೆ ಆಗಬೇಕು. ಕಂಕುಳ ಕೆಳಗೆ ಜಿಪ್ ಇರುವ ಕೋಟು ಸಿಕ್ಕಿದರೆ ಬಿಡಬೇಡಿ. ಕಣ್ಣಿಗೆ ಸಣ್ಣ ವಿಷಯ, ಆದರೆ ಲೇಬಲ್ ಮೇಲಿನ ಎಲ್ಲ ಸಂಖ್ಯೆಗಿಂತ ಇದು ಜಾಸ್ತಿ ಕೆಲಸಕ್ಕೆ ಬರುತ್ತದೆ.

3. ಬಟ್ಟೆ ಆರಿಸುವುದು

ಅಂಗಡಿಯಲ್ಲಿ ಸಿಗುವುದು ಮೂರು ಬಗೆ.

ಪಿವಿಸಿ. ಪ್ಲಾಸ್ಟಿಕ್ ಹೊದಿಸಿದ ದಪ್ಪ ಕೋಟು, ಮೀನುಗಾರರು ಹಾಕುವಂಥದ್ದು. ಮಲ್ಪೆ ಬಂದರು, ಮಂಗಳೂರಿನ ದಕ್ಕೆಯ ಸುತ್ತಮುತ್ತ ವಿಚಾರಿಸಿ ನೋಡಿ. ಒಂದು ಹನಿ ಒಳಗೆ ಬರುವುದಿಲ್ಲ, ಒಂದು ಹನಿ ಬೆವರು ಹೊರಗೂ ಹೋಗುವುದಿಲ್ಲ. ಭಾರ, ಸದ್ದು ಜಾಸ್ತಿ. ಗಾಳ ಹಾಕುವವರಿಗೆ, ಗಾಳಿಗೆ ಮುಖ ಕೊಟ್ಟು ನಿಲ್ಲುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಬೆಲೆಯೂ ಕಡಿಮೆ. ಗುಡ್ಡ ಹತ್ತುವವರು ಇದರ ತಂಟೆಗೆ ಹೋಗಬೇಡಿ.

ಪಿಯು ಲೇಪದ ನೈಲಾನ್ ಅಥವಾ ಪಾಲಿಯೆಸ್ಟರ್. ಪಿಯು ಅಂದರೆ ಪಾಲಿಯುರೆಥೇನ್, ಬಟ್ಟೆಯ ಒಳಮೈಗೆ ಹಚ್ಚಿದ ತೆಳು ಲೇಪ. ಹಗುರ, ಮಡಚಿದರೆ ಚೀಲದ ಮೂಲೆಯಲ್ಲಿ ಕೂರುತ್ತದೆ. ಹೆಚ್ಚಿನವರಿಗೆ ಇದೇ ಸಾಕು ಅಂತ ನನ್ನ ಅಭಿಪ್ರಾಯ, ಸ್ವಲ್ಪ ದೊಗಲೆ ಅಳತೆಯದ್ದು, ಕಂಕುಳಲ್ಲೋ ಬೆನ್ನಲ್ಲೋ ಗಾಳಿಕಿಂಡಿ ಇರುವಂಥದ್ದು. ಮೂರ್ನಾಲ್ಕು ಮಳೆಗಾಲ ಬಂದರೆ ದುಡ್ಡು ವಸೂಲಾದ ಹಾಗೆ.

ಪೊರೆಯ ಕೋಟು. ಮೇಲೆ ಹೇಳಿದೆನಲ್ಲ, ಅದು. ಘಟ್ಟದ ಮೇಲೆ ಪದೇ ಪದೇ ಹೋಗುವವರು, ಹಿಮಾಲಯಕ್ಕೂ ಅದನ್ನೇ ಒಯ್ಯುವವರು ಕೊಳ್ಳಲಿ. ಬರೇ ಊರಿನಲ್ಲಿ ಹಕ್ಕಿ ನೋಡಲಿಕ್ಕೆ ಬೇಡ.

ಪೊಂಚೋ ಬಗ್ಗೆ ಕೇಳುತ್ತೀರಿ. ತಲೆಯ ಮೇಲಿಂದ ಹಾಕಿಕೊಳ್ಳುವ ದೊಡ್ಡ ಚಾದರದ ಥರದ್ದು, ಬೆನ್ನಿನ ಚೀಲವೂ ಒಳಗೇ ಬರುತ್ತದೆ. ಕೊರಂಬಿನ ಮೊಮ್ಮಗ ಅನ್ನಿ, ಗಾಳಿಯಾಡುತ್ತದೆ. ಕೂತವರಿಗೆ ತುಂಬ ಒಳ್ಳೆಯದು. ನಡೆಯುವವರಿಗೆ ಎರಡು ತೊಂದರೆ. ಮುಳ್ಳಿಗೆ ಸಿಕ್ಕಿ ಹರಿಯುತ್ತದೆ, ನೆಲಕ್ಕೆ ತಾಗುವ ತುದಿಯಿಂದ ಉಂಬಳ (ಜಿಗಣೆ) ಏಣಿ ಹತ್ತಿದ ಹಾಗೆ ಹತ್ತಿ ಬರುತ್ತದೆ. ಗಾಳಿ ಇದ್ದರಂತೂ ಗಾಳಿಪಟ.

4. ಲೇಬಲ್ ಓದುವುದು

ಲೇಬಲ್ ಮೇಲೆ 5,000 ಮಿಮೀ, 10,000 ಮಿಮೀ ಅಂತ ಇರುತ್ತದೆ. ಮಳೆ ಎಷ್ಟು ಮಿಲಿಮೀಟರ್ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಒಬ್ಬರು "ಆಗುಂಬೆಯಲ್ಲಿ 7,000 ಮಿಮೀ ಮಳೆ, ನನ್ನ ಕೋಟು 5,000 ಮಾತ್ರ, ಸಾಕಾ?" ಅಂತ ಕೇಳಿದ್ದರು. ಈ ಸಂಖ್ಯೆ ಹೇಳುವುದು ಒತ್ತಡವನ್ನು. ಬಟ್ಟೆಯ ಮೇಲೆ ಕೊಳವೆ ನಿಲ್ಲಿಸಿ ನೀರು ತುಂಬಿಸುತ್ತಾ ಹೋದರೆ ಎಷ್ಟು ಎತ್ತರದ ನೀರಿಗೆ ಬಟ್ಟೆ ಜಿನುಗಲು ಶುರುವಾಗುತ್ತದೆ ಅನ್ನುವ ಲೆಕ್ಕ. 5,000 ಅಂದರೆ ಐದು ಮೀಟರ್ ಎತ್ತರದ ನೀರು.

ಬೀಳುವ ಮಳೆಯ ಒತ್ತಡ ಅಷ್ಟೇನೂ ಇಲ್ಲ. ಒತ್ತಡ ಬರುವುದು ನೀವು ಒದ್ದೆ ಕಲ್ಲಿನ ಮೇಲೆ ಕೂತಾಗ, ಮೊಣಕಾಲು ಊರಿದಾಗ, ಚೀಲದ ಪಟ್ಟಿ ಭುಜ ಒತ್ತಿದಾಗ. ಅದಕ್ಕೇ ಕೋಟಿಗೆ 5,000 ಸಾಕು. ಕೂರುವವರ ಪ್ಯಾಂಟಿಗೆ ಮಾತ್ರ 10,000 ಇದ್ದರೆ ಒಳ್ಳೆಯದು. ಅಂಗಡಿಯಲ್ಲಿ ಇದಕ್ಕೆ ತದ್ವಿರುದ್ಧ, ಕೋಟಿಗೆ ಒಳ್ಳೆಯ ಬಟ್ಟೆ, ಜತೆಗೆ ಕೊಡುವ ಪ್ಯಾಂಟಿಗೆ ಯಾವುದೋ ತೆಳು ಬಟ್ಟೆ. ಪ್ಯಾಂಟು ಬೇರೆಯೇ ಕೊಳ್ಳಿ. ಅಥವಾ ಒಂದು ತುಂಡು ಫೋಮ್ ಹಾಳೆಯ ಮೇಲೆ ಕೂತುಕೊಳ್ಳಿ, ಅರ್ಧ ಸಮಸ್ಯೆ ಹೋಯಿತು.

ಇನ್ನೊಂದು ಸಂಖ್ಯೆ ಉಸಿರಾಟದ್ದು, ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಎಷ್ಟು ಗ್ರಾಂ ಆವಿ ಹೋಗುತ್ತದೆ ಅಂತ. ನಮ್ಮ ಹವೆಗೆ ಅದನ್ನು ನಂಬಿ ದುಡ್ಡು ಕೊಡಬೇಡಿ.

"ವಾಟರ್ ರೆಸಿಸ್ಟೆಂಟ್" ಅಂತ ಬರೆದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಅದು ತುಂತುರಿಗೆ ಮಾತ್ರ. "ವಾಟರ್‌ಪ್ರೂಫ್" ಅಂತ ಇರಬೇಕು, ಜತೆಗೆ ಹೊಲಿಗೆ ಮುಚ್ಚಿದೆ ಅಂತಲೂ ಇರಬೇಕು.

5. ಅಂಗಡಿಯಲ್ಲಿ ನಿಂತು ನೋಡಬೇಕಾದ್ದು

ಕೋಟನ್ನು ಒಳಮೈ ಹೊರಗೆ ಮಾಡಿ ಹಿಡಿಯಿರಿ. ಅಂಗಡಿಯವರು ಮುಖ ಸಿಂಡರಿಸಬಹುದು, ಪರವಾಗಿಲ್ಲ. ಪ್ರತಿ ಹೊಲಿಗೆಯ ಮೇಲೂ ಹೊಳೆಯುವ ಪಟ್ಟಿ ಅಂಟಿಸಿರಬೇಕು. ಸೂಜಿ ಹೋದ ಕಡೆಯೆಲ್ಲ ತೂತು ಉಂಟಲ್ಲ, ಆ ತೂತು ಮುಚ್ಚುವ ಪಟ್ಟಿ ಅದು, ಸೀಮ್ ಟೇಪ್ ಅಂತಾರೆ. ಭುಜ ಮತ್ತು ಕೋಟಿನದ್ದೇ ಟೊಪ್ಪಿಗೆ (ಹುಡ್) ಮಾತ್ರ ಪಟ್ಟಿ ಹಾಕಿ ಬದಿಯ ಹೊಲಿಗೆ ಹಾಗೇ ಬಿಟ್ಟದ್ದು ಜಾಸ್ತಿ ಸಿಗುತ್ತದೆ. ನಾನೂ ಒಮ್ಮೆ ಹೀಗೆ ಮೋಸ ಹೋದೆ. ಹೊರಗಿನಿಂದ ಚಂದ ಇತ್ತು, ಕಾರ್ಕಳದ ಕಡೆಯ ಮಾಳದ ಹತ್ತಿರ ಒಂದು ಗಂಟೆ ಮಳೆಗೆ ಜೇಬಿನಲ್ಲಿ ನೀರು ನಿಂತಿತ್ತು.

ಪಟ್ಟಿಯ ತುದಿಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಈಗಲೇ ಏಳುತ್ತಿದ್ದರೆ ಶ್ರಾವಣಕ್ಕೆ ಪೂರ್ತಿ ಎದ್ದು ಬರುತ್ತದೆ.

ಆಮೇಲೆ ಹಾಕಿಕೊಂಡು ಎರಡೂ ಕೈ ಮೇಲೆತ್ತಿ, ದುರ್ಬೀನು ಹಿಡಿದ ಹಾಗೆ. ತೋಳು ಮೊಣಕೈ ತನಕ ಜಾರಿತಾ? ಹಾಗಾದರೆ ನೀರು ಮಣಿಕಟ್ಟಿನಿಂದ ಒಳಗೆ ಹರಿದು ಕಂಕುಳಿಗೆ ಬರುತ್ತದೆ. ತುದಿಯಲ್ಲಿ ಬಿಗಿ ಮಾಡುವ ವೆಲ್ಕ್ರೋ ಪಟ್ಟಿ ಬೇಕು, ಬರೇ ಇಲಾಸ್ಟಿಕ್ ಸಾಲದು. ಜಿಪ್ಪಿನ ಮೇಲೆ ಮುಚ್ಚುವ ಮಡಿಕೆ ಉಂಟಾ ನೋಡಿ. ಜೇಬಿನ ಬಾಯಿಗೂ ಮುಚ್ಚಳ ಬೇಕು. ಕೋಟಿನ ಉದ್ದ ಕೂತಾಗ ಪೃಷ್ಠ ದಾಟಬೇಕು, ಅಂಗಡಿಯ ಸ್ಟೂಲಿನ ಮೇಲೆ ಒಮ್ಮೆ ಕೂತೇ ನೋಡಿ. ಅಳತೆ ಒಂದು ಸೈಜು ದೊಡ್ಡದೇ ಇರಲಿ. ಬಿಗಿ ಕೋಟಿನಲ್ಲಿ ಗಾಳಿಗೆ ಜಾಗ ಇಲ್ಲ.

ಕೋಟಿನ ಟೊಪ್ಪಿ ಎಳೆದುಕೊಂಡು ತಲೆ ಎಡಕ್ಕೆ ಬಲಕ್ಕೆ ತಿರುಗಿಸಿ. ನಿಮ್ಮ ಜತೆ ಟೊಪ್ಪಿಯೂ ತಿರುಗಬೇಕು. ನೀವು ತಿರುಗಿ ಟೊಪ್ಪಿ ಮುಂದೆ ನೋಡುತ್ತಾ ನಿಂತರೆ ಒಂದು ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ.

6. ಸದ್ದು ಮತ್ತು ಬಣ್ಣ

ಅಂಗಡಿಯಲ್ಲಿ ತೋಳಿಗೆ ತೋಳು ತಿಕ್ಕಿ. ಚರ್ ಚರ್ ಅಂದರೆ ಆ ಕೋಟು ಹಕ್ಕಿಯವರಿಗೆ ಬೇಡ. ಹೊರದೇಶದ ಶಿಕಾರಿ ಕೋಟುಗಳಲ್ಲಿ ಹೊರಮೈಯನ್ನು ಮೆತ್ತಗೆ, ಉಜ್ಜಿದ ಬಟ್ಟೆಯ ಥರ ಮಾಡಿರುತ್ತಾರೆ, ಸದ್ದು ಬರಬಾರದು ಅಂತ. ಅದರಲ್ಲಿ ಒಂದು ತೊಂದರೆಯೂ ಉಂಟು, ಆ ಮೆತ್ತಗಿನ ಮೈ ನೀರು ಹೀರಿ ಭಾರವಾಗುತ್ತದೆ, ನಮ್ಮಲ್ಲಿ ಅದು ಒಣಗುವಷ್ಟರಲ್ಲಿ ಚೌತಿ ಬರುತ್ತದೆ. ಅಗ್ಗದ ಉಪಾಯ ಹೇಳುತ್ತೇನೆ. ಸದ್ದು ಮಾಡುವ ಕೋಟಿನ ಮೇಲೆ ಒಂದು ಹಳೇ ದೊಡ್ಡ ಹತ್ತಿ ಅಂಗಿ ಹಾಕಿಕೊಳ್ಳಿ. ಅದು ಒದ್ದೆಯಾಗುತ್ತದೆ, ಆಗಲಿ, ಒಳಗೆ ಕೋಟು ಉಂಟಲ್ಲ. ಸದ್ದು ಹೋಗುತ್ತದೆ, ಹೊಳಪೂ ಹೋಗುತ್ತದೆ.

ಕೋಟಿನ ಟೊಪ್ಪಿಯ ಸದ್ದು ಇನ್ನೊಂದು ಕತೆ. ತಲೆಗೆ ಹುಡ್ ಎಳೆದುಕೊಂಡರೆ ಹನಿ ಬೀಳುವ ಪಟಪಟವೇ ಕೇಳುತ್ತದೆ, ಬೇರೇನೂ ಕೇಳುವುದಿಲ್ಲ. ರಾತ್ರಿ ಕಪ್ಪೆ ಹುಡುಕುವವರಿಗೆ ಕಿವಿಯೇ ದಾರಿ. 2018ರಲ್ಲಿ ಹೊಸ ಜಾತಿ ಅಂತ ಗುರುತಿಸಿ ಮಂಗಳೂರಿನ ಕೊಂಕಣಿ ಹೆಸರನ್ನೇ ಇಟ್ಟ ಮೈಕ್ರೊಹೈಲಾ ಕೊಡಿಯಾಲ್ ಅನ್ನುವ ಕಪ್ಪೆ ಎರಡು ಸೆಂಟಿಮೀಟರ್ ಆಸುಪಾಸಿನದ್ದು. ಅಷ್ಟು ಸಣ್ಣದ್ದನ್ನು ಕೂಗು ಕೇಳದೆ ಟಾರ್ಚಿನಲ್ಲಿ ಹುಡುಕುತ್ತೇನೆ ಅಂದರೆ ಬೆಳಗಾಗುತ್ತದೆ. ಹುಡ್ ಹಿಂದೆ ತಳ್ಳಿ, ಸುತ್ತ ಅಂಚು ಇರುವ ಟೊಪ್ಪಿ ಹಾಕಿ. ಕಿವಿ ತೆರೆದಿರುತ್ತದೆ, ಕುತ್ತಿಗೆಗೆ ನೀರು ಇಳಿಯುವುದಿಲ್ಲ. ಅಡಿಕೆ ಹಾಳೆಯ ಟೊಪ್ಪಿ, ಅಂದರೆ ಮುಟ್ಟಾಳೆ, ಇದ್ದರೆ ಅದೂ ನಡೆಯುತ್ತದೆ, ಅದಕ್ಕೆ ಅಂಚಿಲ್ಲ, ಹನಿ ಬಿದ್ದಾಗ ಸದ್ದು ಸ್ವಲ್ಪ ಉಂಟು ಅಷ್ಟೇ.

ಬಣ್ಣದಲ್ಲಿ ಗೊಂದಲ ಜಾಸ್ತಿ. ಹೊರದೇಶದ ಶಿಕಾರಿಯವರು ಉರಿಯುವ ಕಿತ್ತಳೆ ಬಣ್ಣ ಹಾಕಿದ್ದನ್ನು ನೋಡಿ ಕೆಲವರು "ಅವರೇ ಹಾಕ್ತಾರಲ್ಲ" ಅಂತಾರೆ. ಅವರು ಹಾಕುವುದು ಒಬ್ಬರ ಗುಂಡು ಇನ್ನೊಬ್ಬರಿಗೆ ಬೀಳಬಾರದು ಅಂತ, ಜಿಂಕೆಯ ಕಣ್ಣಿಗೆ ಕಿತ್ತಳೆ ನಮಗೆ ಕಂಡಂತೆ ಕಾಣುವುದೂ ಇಲ್ಲ. ಹಕ್ಕಿಯ ಕಣ್ಣು ಹಾಗಲ್ಲ. ನಮಗಿಂತ ಜಾಸ್ತಿ ಬಣ್ಣ ಕಾಣುತ್ತದೆ, ಎಷ್ಟೋ ಹಕ್ಕಿಗಳಿಗೆ ನಮಗೆ ಕಾಣದ ಅತಿನೇರಳೆಯೂ ಕಾಣುತ್ತದೆ. ಮಣ್ಣಿನ ಬಣ್ಣ, ಮಂಕು ಹಸಿರು, ಬೂದು ಇರಲಿ. ಬಿಳಿ ಬೇಡವೇ ಬೇಡ. ಬಣ್ಣಕ್ಕಿಂತ ಹೊಳಪು ಕೆಟ್ಟದ್ದು, ಒದ್ದೆ ಪ್ಲಾಸ್ಟಿಕ್ ಕನ್ನಡಿಯ ಹಾಗೆ ಹೊಳೆಯುತ್ತದೆ.

ಸೈನಿಕರ ಮಾದರಿಯ ಚಿತ್ತಾರದ ಕೋಟು ಮಾತ್ರ ತಗೊಳ್ಳಬೇಡಿ. ಸೈನಿಕ ಅಂತ ನಂಬಿಸಲು ಹಾಕಿದರೆ ಅದು ಅಪರಾಧ. ನಿಮಗೆ ಆ ಉದ್ದೇಶ ಇಲ್ಲದಿದ್ದರೂ ಕಾಡಂಚಿನಲ್ಲಿ ನಿಂತು ವಿವರಣೆ ಕೊಡುವ ಕೆಲಸ ಯಾಕೆ?

7. ಕಾಲು

ಗದ್ದೆ, ಹೊಳೆ ಬದಿಗೆ ಗಮ್ ಬೂಟು. ಅಂಗಾಲಿನ ಅಡಿ ಆಳ ಗೀರು ಇರುವುದನ್ನೇ ನೋಡಿ. ಹಾವಸೆ ಕಟ್ಟಿದ ಮುರಕಲ್ಲಿನ ಮೇಲೆ ನುಣುಪು ಅಡಿಯ ಬೂಟು ಹಾಕಿ ನಡೆದರೆ ನಡೆಯುವುದು ನೀವಲ್ಲ. ಎಲ್ಲರೂ ಮಾಡುವ ತಪ್ಪು ಅಂದರೆ ಮಳೆ ಪ್ಯಾಂಟನ್ನು ಬೂಟಿನ ಒಳಗೆ ತುರುಕುವುದು. ಪ್ಯಾಂಟಿನಿಂದ ಇಳಿದ ನೀರೆಲ್ಲ ಬೂಟಿಗೆ ಹೋಗಿ ಅಕ್ವೇರಿಯಂ ಆಗುತ್ತದೆ. ಪ್ಯಾಂಟು ಬೂಟಿನ ಹೊರಗೆ ಇರಲಿ.

ಹರಿಯುವ ಹೊಳೆ ದಾಟುವಾಗ ಗಮ್ ಬೂಟು ಅಪಾಯ. ನೀರು ತುಂಬಿದರೆ ಕಾಲು ಎತ್ತಲಿಕ್ಕೆ ಆಗುವುದಿಲ್ಲ. ಮೊಣಕಾಲಿಗೆ ಬರುವ ಹರಿವಿಗೆ ಇಳಿಯುವುದೇ ಬೇಡ. ಮೇಲೆ ಘಟ್ಟದಲ್ಲಿ ಮಳೆ ಬಿದ್ದರೆ ಕೆಳಗೆ ಬಿಸಿಲಿದ್ದರೂ ಹೊಳೆ ಏರುತ್ತದೆ.

ಉಂಬಳಕ್ಕೆ ಒಳಗಿನಿಂದ ಬಂದೋಬಸ್ತು ಬೇಕು. ಒತ್ತಾದ ನೇಯ್ಗೆಯ, ಮೊಣಕಾಲ ತನಕ ಬರುವ ಬಟ್ಟೆಯ ಚೀಲದಂಥ ಕಾಲುಚೀಲ ಸಿಗುತ್ತದೆ. ಒಳಗಿನ ಪ್ಯಾಂಟಿನ ಮೇಲೆ ಅದನ್ನು ಹಾಕಿ ದಾರ ಬಿಗಿದು, ಆಮೇಲೆ ಬೂಟು, ಎಲ್ಲಕ್ಕಿಂತ ಮೇಲೆ ಮಳೆ ಪ್ಯಾಂಟು. ಮಾಮೂಲಿ ಸಾಕ್ಸಿನ ಜಾಲಿಯಲ್ಲಿ ಉಂಬಳ ಆರಾಮವಾಗಿ ತೂರುತ್ತದೆ. ಕಚ್ಚಿದರೆ ಉಗುರಿನಿಂದ ಬದಿಗೆ ಜಾರಿಸಿ ತೆಗೆಯಿರಿ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಎಂಜಲಲ್ಲಿ ಉಂಟು, ಹೆದರಬೇಡಿ.

ಹೆದರಬೇಕಾದ್ದು ಇಲಿಜ್ವರಕ್ಕೆ. ಇಲಿಯ ಮೂತ್ರ ಸೇರಿದ ನೀರಿನಿಂದ ಗಾಯದ ಮೂಲಕ ಬರುವ ಜ್ವರ. ಕಾಲಲ್ಲಿ ಗಾಯ ಇದ್ದರೆ ನಿಂತ ನೀರಿಗೆ ಚಪ್ಪಲಿಯಲ್ಲಿ ಇಳಿಯಬೇಡಿ. ಆಮೇಲಿನ ದಿನಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಗದ್ದೆ ನೀರಿನಲ್ಲಿ ಓಡಾಡಿದ್ದು ಡಾಕ್ಟರಿಗೆ ಹೇಳಿ.

8. ಒಳಗೆ ಏನು?

ಜೀನ್ಸ್ ಬೇಡ. ದಪ್ಪ ಹತ್ತಿ ಬನಿಯನ್ ಬೇಡ. ಆಟದವರು ಹಾಕುವ ತೆಳು ಪಾಲಿಯೆಸ್ಟರ್ ಜೆರ್ಸಿ ಸಾಕು, ಬೆವರಿದರೂ ಮೈಗೆ ಅಂಟುವುದು ಕಡಿಮೆ. ತೊಡೆ ಉಜ್ಜುವವರು ಹೊರಡುವ ಮೊದಲು ತೆಂಗಿನೆಣ್ಣೆ ಹಚ್ಚಿ. ಘಟ್ಟಕ್ಕೆ ಹೋಗುವುದಾದರೆ ಒಣ ಅಂಗಿ ಒಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಇಟ್ಟುಕೊಳ್ಳಿ, ನಡೆದು ಮುಗಿಸಿ ಕೂರುವ ಮೊದಲು ಬದಲಿಸಿ. ಹತ್ತುವಾಗ ಮಳೆ ಸಣ್ಣದಿದ್ದರೆ ಕೋಟು ಹಾಕಲೇಬೇಡಿ, ನೆನೆಯಿರಿ. ಮಳೆಯಲ್ಲಿ ನೆನೆಯುವುದೂ ಬೆವರಲ್ಲಿ ನೆನೆಯುವುದೂ ಒಂದೇ, ಮಳೆಯದ್ದು ಸ್ವಲ್ಪ ತಂಪು.

9. ಬಚ್ಚಲಲ್ಲಿ ಪರೀಕ್ಷೆ

ಬಿಲ್ಲು ಬಿಸಾಡುವ ಮೊದಲು ಇದು ಮಾಡಿ. ಒಳಗೆ ತೆಳು ಬಣ್ಣದ ಹತ್ತಿ ಅಂಗಿ ಹಾಕಿ, ಒದ್ದೆಯಾದರೆ ಕಲೆ ಕಾಣಬೇಕು. ಮೇಲೆ ಕೋಟು ಹಾಕಿ ಶವರ್ ಕೆಳಗೆ ಹತ್ತು ನಿಮಿಷ ನಿಲ್ಲಿ. ಶವರ್ ಇಲ್ಲದಿದ್ದರೆ ಮನೆಯವರ ಹತ್ತಿರ ಚೆಂಬಿನಲ್ಲಿ ಹೊಯ್ಯಲಿಕ್ಕೆ ಹೇಳಿ, ಅವರಿಗೂ ಖುಷಿ. ಐದು ನಿಮಿಷ ನಿಂತು, ಐದು ನಿಮಿಷ ಕೈ ಎತ್ತಿ. ಆಮೇಲೆ ಒದ್ದೆ ನೆಲದ ಮೇಲೆ ಕೂತು ಮೈಭಾರ ಹಾಕಿ. ಕಲೆ ಎಲ್ಲಿ ಬಂತು ಅಂತ ಗುರುತು ಹಾಕಿಕೊಳ್ಳಿ. ಹೊಲಿಗೆಯಲ್ಲಿ ಸಣ್ಣ ಕಲೆಯಾದರೆ ಹೊಲಿಗೆಗೆ ಹಚ್ಚುವ ಅಂಟು ಸಿಗುತ್ತದೆ. ಬಟ್ಟೆಯ ನಡುವೆಯೇ ಕಲೆ ಬಂದರೆ ಅಂಗಡಿಗೆ ವಾಪಸ್.

10. ಒಣಗಿಸುವುದು, ತೆಗೆದಿಡುವುದು

ನಮ್ಮಲ್ಲಿ ಕೋಟುಗಳು ಹರಿದು ಸಾಯುವುದು ಕಡಿಮೆ, ಬೂಸ್ಟು ಬಂದು ಸಾಯುವುದೇ ಜಾಸ್ತಿ. ಬಂದ ಕೂಡಲೇ ಒಳಮೈ ಹೊರಗೆ ಮಾಡಿ ಫ್ಯಾನಿನ ಕೆಳಗೆ ನೇತು ಹಾಕಿ. ಬೈಕಿನ ಡಿಕ್ಕಿಯಲ್ಲಿ ಮುದ್ದೆ ಮಾಡಿ ಬಿಟ್ಟರೆ ಎರಡೇ ದಿನದಲ್ಲಿ ವಾಸನೆ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವವರು ಪಿವಿಸಿ ಕೋಟನ್ನು ಅಲ್ಲಿಗೆ ಒಯ್ಯಬೇಡಿ, ಶಾಖಕ್ಕೆ ಮುದುಡುತ್ತದೆ. ಸಮುದ್ರದ ಗಾಳಿಗೆ ಹೋದ ಕೋಟನ್ನು ಸಿಹಿನೀರಿನಲ್ಲಿ ತೊಳೆಯಿರಿ, ಜಿಪ್ಪನ್ನು ಜಾಸ್ತಿ ಹೊತ್ತು ತೊಳೆಯಿರಿ, ಉಪ್ಪು ಮೊದಲು ತಿನ್ನುವುದು ಅದನ್ನೇ.

ಹೊಸ ಕೋಟಿನ ಮೇಲೆ ನೀರು ಕೆಸುವಿನ ಎಲೆ ಮೇಲಿನ ಹನಿಯ ಹಾಗೆ ಉರುಳುತ್ತದಲ್ಲ, ಅದು ಹೊರಮೈಗೆ ಹಚ್ಚಿದ ನೀರು ಜಾರಿಸುವ ಲೇಪದಿಂದ. ಕೊಳೆ, ಎಣ್ಣೆ, ಸೋಪಿನ ಅಂಶ ಕೂತರೆ ಲೇಪ ಸೋಲುತ್ತದೆ. ಆಗ ಹೊರಬಟ್ಟೆ ನೀರು ಕುಡಿಯುತ್ತದೆ, ಕೋಟು ಭಾರವಾಗುತ್ತದೆ, ಮೈಗೆ ತಣ್ಣಗೆ ತಾಗುತ್ತದೆ, ನೀವು ಸೋರಿತು ಅಂತೀರಿ. ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ದ್ರಾವಣ ಇದಕ್ಕೆ ಬೇಡ. ಕಡಿಮೆ ಸೋಪಿನಲ್ಲಿ ಕೈಯಲ್ಲೇ ತೊಳೆದು, ಎರಡು ಮೂರು ಸಲ ಜಾಲಿಸಿ. ಇಸ್ತ್ರಿ ಹಾಕಬಹುದು ಅಂತ ಲೇಬಲ್‌ನಲ್ಲಿ ಇದ್ದರೆ, ಪೂರ್ತಿ ಒಣಗಿದ ಮೇಲೆ ತೆಳು ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಒಮ್ಮೆ ಎಳೆದರೆ ಲೇಪ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಪಿವಿಸಿಗೆ ಇಸ್ತ್ರಿ ತಾಗಿಸಿದರೆ ಇಸ್ತ್ರಿ ಪೆಟ್ಟಿಗೆಯೂ ಹೋಯಿತು.

ಪಿಯು ಲೇಪಕ್ಕೆ ದೊಡ್ಡ ಶತ್ರು ತೇವ ಮತ್ತು ಸೆಕೆ. ಒದ್ದೆ ಇರುವಾಗಲೇ ಮಡಚಿ ಕಪಾಟಿನಲ್ಲಿ ಇಟ್ಟ ಕೋಟಿನ ಒಳಮೈ ಮುಂದಿನ ಮೇ ತಿಂಗಳಲ್ಲಿ ಅಂಟಂಟಾಗಿ, ಬಿಳಿ ಚಕ್ಕೆಯಾಗಿ ಉದುರುತ್ತದೆ. ಹಾಗಾದ ಮೇಲೆ ರಿಪೇರಿ ಇಲ್ಲ, ಚೀಲ ಒರೆಸಲಿಕ್ಕೆ ಇಟ್ಟುಕೊಳ್ಳಿ. ಮಳೆ ಬಿಟ್ಟು ಎರಡು ಮೂರು ದಿನ ಚೆನ್ನಾಗಿ ಗಾಳಿ ಬಂದಾಗ ನೆರಳಲ್ಲಿ ಒಣಗಿಸಿ, ಮಡಚದೆ ಹ್ಯಾಂಗರಿಗೆ ಹಾಕಿ, ಗೋಡೆಗೆ ತಾಗದ ಹಾಗೆ ನೇತು ಹಾಕಿ. ಮಳೆಗಾಲದಲ್ಲಿ ನೀರು ಇಳಿಯುವ ಗೋಡೆ ಯಾವುದು ಅಂತ ನಿಮ್ಮ ಮನೆಯಲ್ಲಿ ನಿಮಗೇ ಗೊತ್ತಿರುತ್ತದೆ.